ಎಂಟೂವರೆ ಇಂಚಿನ ಸ್ಟೆಬಿಲೈಸರ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಡ್ರಿಲ್ಲಿಂಗ್ ಕೆಲಸದಲ್ಲಿದ್ದೇನೆ ಅಂದರೆ ರಾಜಾಜಿನಗರದ ನಮ್ಮ ಬೀದಿಯವರು ಇವತ್ತಿಗೂ "ಬೋರ್‌ವೆಲ್ ಪಾಯಿಂಟ್ ನೋಡ್ತೀರಾ ಸಾರ್?" ಅಂತಲೇ ಕೇಳುತ್ತಾರೆ. ನಮ್ಮದು ಎಣ್ಣೆ ಬಾವಿ. 28 ದಿನ ಕೃಷ್ಣಾ-ಗೋದಾವರಿ ಕಡೆಯ ರಿಗ್‌ನಲ್ಲಿ, 28 ದಿನ ಮನೆಯಲ್ಲಿ. ಮನೆಗೆ ಬಂದಾಗಲೂ ಪೀಣ್ಯಕ್ಕೆ ಓಡಾಟ ತಪ್ಪಿದ್ದಲ್ಲ. ನಮ್ಮ ಸ್ಟೆಬಿಲೈಸರ್‌ಗಳ ರಿಪೇರಿ ಅಲ್ಲೇ ಆಗುತ್ತದೆ.

ತಳದಲ್ಲಿ ಕಲ್ಲು ಕೊರೆಯುವ ತುದಿಯೇ ಬಿಟ್. ಅದರ ಮೇಲೆ ಕೂರುವ ಭಾರದ ಪೈಪ್‌ಗಳಿಗೆ ಡ್ರಿಲ್ ಕಾಲರ್ ಅಂತಾರೆ. ಅವು ಬಾವಿಯ ಗೋಡೆಗೆ ಒರಗದಂತೆ ನಡುವೆ ಹಿಡಿಯುವ, ಮೈತುಂಬ ಬ್ಲೇಡ್ ಇರುವ ಉಕ್ಕಿನ ತುಂಡೇ ಸ್ಟೆಬಿಲೈಸರ್. ಮೊದಲು ನಾವು ಬ್ಲೇಡ್ ಬೆಸುಗೆ ಹಾಕಿದ್ದನ್ನು ಬಳಸುತ್ತಿದ್ದೆವು. ಅಗ್ಗ, ಮೆತ್ತಗಿನ ಪದರಕ್ಕೆ ಪರವಾಗಿಲ್ಲ. ಆದರೆ ಒಂದು ಬ್ಲೇಡ್ ಕಿತ್ತು ಒಳಗೆ ಬಿತ್ತೋ, ಅದನ್ನು ಹೆಕ್ಕುವ ಪಾಡು ಯಾರಿಗೂ ಬೇಡ. ನಾಲ್ಕು ವರ್ಷದಿಂದ ಒಂದೇ ಉಕ್ಕಿನಲ್ಲಿ ಕಡೆದ ಸುರುಳಿ ಬ್ಲೇಡಿನದು. ನೇರ ಬ್ಲೇಡ್‌ಗಿಂತ ಅದುರಾಟ ಕಮ್ಮಿ.

ಜೇಡಿ ಪದರದಲ್ಲಿ ಮಾತ್ರ ಗೋಳು. ಸುರುಳಿಯ ಸಂದಿಯಲ್ಲಿ ಜೇಡಿ ಮೆತ್ತಿಕೊಂಡು, ಮೇಲೆ ಬಂದಾಗ ಥೇಟ್ ರಾಗಿ ಹಿಟ್ಟು ಹತ್ತಿದ ಮುದ್ದೆ ಕೋಲು!

ಕಳೆದ ವರ್ಷದ್ದು ಹೇಳಲೇಬೇಕು. ರಿಪೇರಿಯಿಂದ ಎರಡು ಪೀಸ್ ಬಂದವು. ಹಸಿರು ಬಣ್ಣ ಫಳಫಳ, ಕಾಗದದಲ್ಲಿ 'ಪೂರ್ತಿ ಅಳತೆ'. ಒಂದನ್ನು ಬಿಟ್ ಪಕ್ಕದಲ್ಲೇ ಹಾಕಿ, ಮೇಲೆ 60 ಅಡಿ ಸ್ಟೆಬಿಲೈಸರ್ ಇಲ್ಲದ ಬರೀ ಕಾಲರ್ ಬಿಟ್ಟೆವು. ಹೀಗೆ ಕಟ್ಟಿದರೆ ಅದು ಮೀಟುಗೋಲಿನ ಆನಿಕೆ ಥರ. ಭಾರ ಕೊಟ್ಟಾಗ ಕಾಲರ್ ಬಾಗುತ್ತದೆ, ಬಿಟ್ ಮೇಲ್ಮುಖವಾಗಿ ಒತ್ತುತ್ತದೆ, ಬಾವಿಯ ಓರೆ ಹೆಚ್ಚುತ್ತದೆ. ನಮಗೆ ಬೇಕಿದ್ದದ್ದೂ ಅದೇ. ಆದರೆ ಹೆಚ್ಚಲೇ ಇಲ್ಲ. ಭಾರ ಜಾಸ್ತಿ ಮಾಡಿದರೂ ಇಲ್ಲ. ಎಲ್ಲವನ್ನೂ ಮೇಲೆಳೆದು, ಬ್ಲೇಡಿನ ಸುತ್ತಳತೆ ನೋಡುವ ಬಳೆ, ಅಂದರೆ ರಿಂಗ್ ಗೇಜ್ ಹಾಕಿದೆ. ಬಿಗಿಯಾಗಿ ಕೂರಬೇಕಾದ ಬಳೆ ಲೊಡಲೊಡ ಅಂತ ಜಾರಿತು. ಕಾಲು ಇಂಚು ಕಮ್ಮಿ. ಸವೆದಿರಬಹುದು ಅಂದುಕೊಂಡು, ರ್‍ಯಾಕ್‌ನಲ್ಲಿದ್ದ ಇನ್ನೊಂದಕ್ಕೂ ಹಾಕಿದೆ. ಅದು ಬಾವಿಗೇ ಇಳಿದಿರಲಿಲ್ಲ. ಅದೂ ಲೊಡಲೊಡ! ತಪ್ಪು ವರ್ಕ್‌ಶಾಪಿನದು ನಿಜ, ಆದರೆ ಇಳಿಸುವ ಮುಂಚೆ ಅಳೆಯದೇ ಇದ್ದದ್ದು ನಾವೇ ಅಲ್ವಾ? ಈಗ ರಿಂಗ್ ಗೇಜ್ ನನ್ನ ಕಾರಿನ ಡಿಕ್ಕಿಯಲ್ಲೇ ಇರುತ್ತದೆ. ಮನೆಯಲ್ಲಿ ಅದಕ್ಕೆ ಸಿಂಬೆ ಅಂತ ಹೆಸರು ಬಿದ್ದಿದೆ.

ಮೈ ಗಟ್ಟಿ, ಅದರ ಬಗ್ಗೆ ತಕರಾರಿಲ್ಲ. ಬ್ಲೇಡ್ ಬೇಗ ಸವೆಯದಿರಲಿ ಅಂತ ಮೂರು ಸಲ ಟಂಗ್‌ಸ್ಟನ್ ಕಾರ್ಬೈಡ್ ಹಾಕಿಸಿದ್ದೇವೆ. ಬಿರುಕು ಬಂದದ್ದು ಕಾಲರ್‌ಗೆ ಜೋಡಿಸುವ ಥ್ರೆಡ್‌ನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣದು, ಮ್ಯಾಗ್ನೆಟ್ ಟೆಸ್ಟ್‌ನಲ್ಲೇ ಸಿಕ್ಕಿದ್ದು. ಪ್ರತಿ ಸಲ ಥ್ರೆಡ್ ಹೊಸದಾಗಿ ಕಡೆದಾಗ ಉದ್ದ ಕಮ್ಮಿ ಆಗುತ್ತಾ ಹೋಗುತ್ತದೆ, ಕೊನೆಗೆ ಟಾಂಗ್ (ಬಿಗಿಯುವ, ಬಿಚ್ಚುವ ದೊಡ್ಡ ಇಕ್ಕಳ) ಹಿಡಿಯಲು ಜಾಗವೇ ಇರುವುದಿಲ್ಲ. ಹಾಗಾಗಿ ಕೊಳ್ಳುವವರು ಬ್ಲೇಡಿಗೂ ಥ್ರೆಡ್‌ಗೂ ನಡುವಿನ ಕತ್ತು ಉದ್ದ ಇರುವುದನ್ನೇ ಕೇಳಿ ತಗೊಳ್ಳಿ. ನಮ್ಮದರಲ್ಲಿ ಒಂದಕ್ಕೆ ಇನ್ನೊಂದೇ ಸಲ ಕಡೆಯುವಷ್ಟು ಉಳಿದಿದೆ.