ಪಿಜಿಟಿಐ ಗಾಲ್ಫ್ ಸೀಸನ್: ಎರಡನೇ ದಿನ ಮಧ್ಯಾಹ್ನ ಹೋಗಿ ನೋಡಿ

ಗಾಲ್ಫ್ ನೋಡಬೇಕು ಅನ್ನೋ ಆಸೆ ಇರುವವರಿಗೆ ನಾನು ಹೇಳೋದು ಇಷ್ಟೇ. ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಅಂದರೆ ಪಿಜಿಟಿಐ (ವೃತ್ತಿಪರ ಆಟಗಾರರು ಊರಿಂದೂರಿಗೆ ಹೋಗಿ ಆಡುವ ಪಂದ್ಯಗಳ ಸರಣಿ), ನಿಮ್ಮ ಊರಿನ ಹತ್ತಿರ ಬಂದಾಗ ಟಿವಿ ಬಿಟ್ಟು ಮೈದಾನಕ್ಕೆ ಹೋಗಿ. ಅದರಲ್ಲೂ ಕಪ್ ಎತ್ತುವ ಕೊನೆಯ ದಿನಕ್ಕೆ ಕಾಯಬೇಡಿ. ಎರಡನೇ ದಿನ ಮಧ್ಯಾಹ್ನ ಹೋಗಿ. ಒಂದು ಇಡೀ ಸೀಸನ್ ಈ ಟೂರಿನ ಬೆನ್ನು ಹತ್ತಿದ ಮೇಲೆ ಬಂದ ಅಭಿಪ್ರಾಯ ಇದು. ಹತ್ತಿರದ ಪಂದ್ಯಗಳನ್ನು ಹೋಗಿ ನೋಡಿದೆ. ದೂರದ ಊರಿನವನ್ನು ಫೋನಿನಲ್ಲಿ ಅಂಕಗಳ ಮೂಲಕ ಹಿಂಬಾಲಿಸಿದೆ.

ನನ್ನದು ಮೈಸೂರಿನಲ್ಲಿ ಒಂದು ಸಣ್ಣ ಔಷಧಿ ಅಂಗಡಿ. ಯಾವ ಗಾಲ್ಫ್ ಕ್ಲಬ್ಬಿನ ಸದಸ್ಯನೂ ಅಲ್ಲ. ಆಟ ನೋಡೋದೇ ನನ್ನ ಖುಷಿ. ನಮ್ಮೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇರೋದು ರೇಸ್ ಕೋರ್ಸಿನಲ್ಲಿ. ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಈ ಟೂರಿನ ಮೈಸೂರು ಓಪನ್ ಅಲ್ಲೇ ನಡೆದಿದೆ. ಬೆಂಗಳೂರಿನಲ್ಲಾದರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಅಂದರೆ ಕೆಜಿಎ ಮೈದಾನ. ದೇಶದ ಒಳ್ಳೊಳ್ಳೆ ಆಟಗಾರರು ಇಷ್ಟು ಹತ್ತಿರ ಬಂದು ಆಡಿ ಹೋಗುತ್ತಾರೆ, ಊರಿಗೆ ಗೊತ್ತೇ ಆಗೋದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಎರಡನೇ ದಿನ ಯಾಕೆ ಅಂತ ಹೇಳಬೇಕಾದರೆ ಲೆಕ್ಕ ಸ್ವಲ್ಪ ಹೇಳಬೇಕು. 2006ರಲ್ಲಿ ಶುರುವಾದ ಟೂರ್ ಇದು. ಸೀಸನ್ ಸಾಮಾನ್ಯವಾಗಿ ಫೆಬ್ರವರಿ ಹೊತ್ತಿಗೆ ಶುರುವಾಗಿ ಡಿಸೆಂಬರಿನವರೆಗೆ ಹೋಗುತ್ತದೆ. ನಡುವೆ ಬಿಸಿಲು, ಮಳೆಗೆ ಒಂದು ಬಿಡುವು. ಮಾಮೂಲಿ ಪಂದ್ಯ ನಾಲ್ಕು ದಿನ, ದಿನಕ್ಕೆ 18 ಹೋಲ್, ಅಂದರೆ 18 ಗುಳಿಗೆ ಒಂದೊಂದಾಗಿ ಚೆಂಡು ಹಾಕಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಮುಂದೆ. ನೂರಕ್ಕೂ ಜಾಸ್ತಿ ಜನ ಆಟ ಶುರು ಮಾಡುತ್ತಾರೆ. ಎರಡು ದಿನ ಮುಗಿದ ಮೇಲೆ ಮೊದಲ 50 ಜನ, ಮತ್ತು 50ನೇ ಜಾಗದಲ್ಲಿ ಸಮನಾಗಿ ನಿಂತವರು, ಮುಂದಿನ ಎರಡು ದಿನ ಆಡುತ್ತಾರೆ. ಇದಕ್ಕೇ ಕಟ್ ಅನ್ನೋದು. ಉಳಿದವರಿಗೆ ಒಂದು ರೂಪಾಯಿಯೂ ಇಲ್ಲ. ಬಹುಮಾನದ ಒಟ್ಟು ಮೊತ್ತ ಒಂದು ಕೋಟಿ ಇರುವ ಪಂದ್ಯದಲ್ಲಿ ಗೆದ್ದವನಿಗೆ 15 ಲಕ್ಷ ಸಿಗುತ್ತದೆ. ಪೇಪರಿನಲ್ಲಿ ಬರೋದು ಆ 15 ಲಕ್ಷದ ಸುದ್ದಿ ಮಾತ್ರ. ರೈಲು, ವಿಮಾನ, ರೂಮು, ಊಟ, ಕ್ಯಾಡಿಯ (ಬ್ಯಾಗ್ ಹೊತ್ತು ಸಲಹೆ ಕೊಡುವವರ) ಕೂಲಿ ಎಲ್ಲ ಆಟಗಾರನ ಜೇಬಿನಿಂದಲೇ ಹೋಗಬೇಕು. ಕಟ್ ತಪ್ಪಿದರೆ ಆ ವಾರದ ಖರ್ಚೆಲ್ಲ ಮೈಮೇಲೆ. ಹಾಗಾಗಿ ಎರಡನೇ ದಿನ ಮಧ್ಯಾಹ್ನ ಮೂರು ಗಂಟೆಗೆ 48ನೇ ಜಾಗದಲ್ಲಿರುವವನ ಮುಖ ನೋಡಬೇಕು ನೀವು. ಆಗ ಮೊದಲ ಜಾಗದಲ್ಲಿ ಯಾರಿದ್ದಾರೆ ಅನ್ನೋದೇ ಮರೆತುಹೋಗುತ್ತದೆ.

ಒಂದು ಸಲ 18ನೇ ಗ್ರೀನಿನ (ಗುಳಿ ಇರುವ ನುಣುಪು ಹುಲ್ಲಿನ ಜಾಗದ) ಪಕ್ಕ ನಿಂತಿದ್ದೆ. ಗ್ರೀನಿಗೂ ನನಗೂ ನಡುವೆ ಒಂದು ತೆಳು ಹಗ್ಗ, ಅಷ್ಟೇ. ಒಬ್ಬ ಹುಡುಗ ಆರು ಅಡಿ ದೂರದ ಪಟ್‌ಗೆ, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತಕ್ಕೆ, ನಿಂತಿದ್ದ. ಅದು ಒಳಗೆ ಹೋದರೆ ಕಟ್ ದಾಟೋದು ಗ್ಯಾರಂಟಿ. ಅವನ ಕ್ಯಾಡಿ ನಡುವಯಸ್ಸಿನ ಮನುಷ್ಯ, ಹೆಗಲ ಮೇಲೆ ಒದ್ದೆ ಟವೆಲ್. ಅವರು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಎದ್ದು ಗುಳಿಯ ಆ ಕಡೆಗೂ ಹೋಗಿ ಕೂತು ನೋಡಿದರು. ‘ಬಲಕ್ಕೆ ಅರ್ಧ ಕಪ್, ಜೋರು ಬೇಡ’ ಅಂತ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಕಪ್ ಅಂದರೆ ಆ ಗುಳಿ. ಹುಡುಗ ಹೊಡೆದ. ಚೆಂಡು ಗುಳಿಯ ಅಂಚು ಹಿಡಿದು ಅರ್ಧ ಸುತ್ತು ಹಾಕಿ ಆಚೆ ಬಂತು. ಅವನು ಏನೂ ಮಾತಾಡಲಿಲ್ಲ. ಉಳಿದದ್ದನ್ನು ಮುಗಿಸಿ, ಟೋಪಿ ತೆಗೆದು, ಜೊತೆಗಿದ್ದ ಇಬ್ಬರ ಕೈ ಕುಲುಕಿ, ಸ್ಕೋರ್ ಕಾರ್ಡಿಗೆ ಸಹಿ ಹಾಕಲು ಹೋದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಂದೆ ಇನ್ನೂ ಕೆಲವು ಗುಂಪುಗಳು ಆಡುತ್ತಿದ್ದವು. ಕಟ್ ಗೆರೆ ಅನ್ನೋದು ಕೊನೆಯ ಆಟಗಾರ ಮುಗಿಸೋವರೆಗೂ ಅಲ್ಲಾಡುತ್ತಲೇ ಇರುತ್ತದೆ. ಹಿಂದಿನವರು ಬರ್ಡಿ (ಆ ಹೋಲಿಗೆ ಗೊತ್ತುಮಾಡಿದ್ದಕ್ಕಿಂತ ಒಂದು ಹೊಡೆತ ಕಡಿಮೆ) ಮಾಡಿದರೆ ಮೇಲಕ್ಕೆ ಹೋಗಿ ಕಷ್ಟವಾಗುತ್ತದೆ, ಬೋಗಿ (ಒಂದು ಹೊಡೆತ ಜಾಸ್ತಿ) ಮಾಡಿದರೆ ಕೆಳಕ್ಕೆ ಇಳಿದು ಸುಲಭವಾಗುತ್ತದೆ. ಆ ಕ್ಯಾಡಿ ಮರದ ಕೆಳಗೆ ನಿಂತು ಫೋನ್ ಒತ್ತುತ್ತಾ ಇದ್ದರು. ಲೈವ್ ಸ್ಕೋರ್ ಬದಲಾದಾಗಲೆಲ್ಲ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದರು. ಹುಡುಗ ಆಗಲೇ ಬ್ಯಾಗ್ ಕಾರಿಗೆ ತುಂಬಿಸುತ್ತಿದ್ದ. ಕೊನೆಯ ಗುಂಪಿನಲ್ಲಿ ಯಾರೋ ನೀರಿಗೆ ಹೊಡೆದರು ಅಂತ ಸುದ್ದಿ ಬಂತು. ಸ್ವಲ್ಪ ಹೊತ್ತಿಗೆ ಗೆರೆ ಒಂದು ಹೊಡೆತ ಕೆಳಗೆ ಇಳಿಯಿತು, ಹುಡುಗ ಕಟ್ ಒಳಗೆ ಬಂದ. ಕ್ಯಾಡಿ ಪಾರ್ಕಿಂಗ್ ಕಡೆ ಓಡಿದ ಓಟ ಇದೆಯಲ್ಲ, ಆ ವಾರದ ಗೆದ್ದವನ ಹೆಸರಿಗಿಂತ ಅದೇ ನನ್ನ ಮನಸ್ಸಿನಲ್ಲಿ ಉಳಿದಿದೆ.

ಇನ್ನು ಕೊರತೆಗಳು. ಮೊದಲನೆಯದು ವಾರದ ದಿನ. ಎಷ್ಟೋ ಪಂದ್ಯಗಳು ಮಂಗಳವಾರ ಶುರುವಾಗಿ ಶುಕ್ರವಾರಕ್ಕೆ ಮುಗಿದುಬಿಡುತ್ತವೆ. ಶನಿವಾರ ಭಾನುವಾರ ಸದಸ್ಯರಿಗೆ ಮೈದಾನ ಬೇಕು, ಅದು ಅರ್ಥವಾಗುತ್ತದೆ. ನಾನಾದರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೋಗುತ್ತೇನೆ. ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು ಏನು ಮಾಡಬೇಕು? ಒಂದು ಭಾನುವಾರ ಹತ್ತು ಮಕ್ಕಳು ಬಂದು ನೋಡಿದರೆ ಅದರಲ್ಲಿ ಒಬ್ಬರಾದರೂ ಗಾಲ್ಫ್ ಕೋಲು ಹಿಡಿಯುತ್ತಾರೆ ಅಲ್ವಾ?

ಎರಡನೆಯದು ಗೇಟು. ಒಂದು ಮೈದಾನದಲ್ಲಿ ಕಾವಲಿನವರು ನನ್ನನ್ನು ‘ಯಾವ ಸದಸ್ಯರ ಗೆಸ್ಟ್?’ ಅಂತ ಕೇಳಿದರು. ಪಂದ್ಯ ನೋಡೋಕೆ ಬಂದಿದ್ದೀನಿ ಅಂದರೆ ಅವರಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ಫೋನ್ ಮಾಡಿ, ಕಾಯಿಸಿ, ಕೊನೆಗೆ ಬಿಟ್ಟರು. ಒಳಗೆ ಹೋದ ಮೇಲೆ ಪ್ರೇಕ್ಷಕರು ಎಲ್ಲಿ ನಡೆಯಬೇಕು ಅನ್ನೋದಕ್ಕೆ ಒಂದು ಬಾಣದ ಗುರುತೂ ಇರಲಿಲ್ಲ. ನನಗೆ ಕಾವಲಿನವರ ಮೇಲೆ ಸಿಟ್ಟಿಲ್ಲ. ಗೇಟಿನಲ್ಲಿ ‘ಪ್ರೇಕ್ಷಕರಿಗೆ ಸ್ವಾಗತ’ ಅಂತ ಕನ್ನಡದಲ್ಲಿ ಒಂದು ಬೋರ್ಡ್ ಇದ್ದರೆ ಅವರಿಗೂ ನಮಗೂ ಸಲೀಸು.

ಒಳಗೆ ಹೋದಿರೋ, ಆಮೇಲೆ ಎಲ್ಲ ಸುಖವೇ. ಟಿಕೆಟ್ ಇಲ್ಲ, ನೂಕುನುಗ್ಗಲು ಇಲ್ಲ. ಟೀ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರ ನಿಂತರೆ ಡ್ರೈವರ್, ಅಂದರೆ ದೂರ ಹೊಡೆಯುವ ಕೋಲು, ಗಾಳಿ ಸೀಳುವ ಸದ್ದು ಕಿವಿಗೆ ಬಡಿಯುತ್ತದೆ. ಬಂಕರಿನಿಂದ (ಮರಳಿನ ಗುಂಡಿಯಿಂದ) ಹೊಡೆದ ಮೇಲೆ ಕ್ಯಾಡಿ ಮರಳನ್ನು ಎಷ್ಟು ಶ್ರದ್ಧೆಯಿಂದ ಸಮ ಮಾಡುತ್ತಾರೆ ಅನ್ನೋದು ಕಾಣುತ್ತದೆ. ಒಬ್ಬ ಆಟಗಾರನನ್ನು ಆರಿಸಿಕೊಂಡು 18 ಹೋಲ್ ಪೂರ್ತಿ ಜೊತೆಗೇ ನಡೆಯಬಹುದು. ದೊಡ್ಡ ಟೂರುಗಳಲ್ಲಿ ಜನರ ತಲೆ ನೋಡಿ ಬರಬೇಕು, ಇಲ್ಲಿ ಆಟ ನೋಡಿ ಬರುತ್ತೀರಿ.

ಈ ಆಟ ಸಾಹುಕಾರರದ್ದು ಅನ್ನೋ ಮಾತು ನನ್ನ ಗೆಳೆಯರೂ ಹೇಳುತ್ತಾರೆ. ನಾನು ಅವರಿಗೆ ಸಿ. ಮುನಿಯಪ್ಪ ಅವರ ಹೆಸರು ಹೇಳುತ್ತೇನೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಪ್ಲೇ ಆಫ್‌ನಲ್ಲಿ, ಅಂದರೆ ಅಂಕ ಸಮನಾದ ಮೇಲಿನ ಹೆಚ್ಚುವರಿ ಆಟದಲ್ಲಿ. ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ. ಎಸ್‌ಎಸ್‌ಪಿ ಚೌರಾಸಿಯಾ ಅವರ ತಂದೆ ಕೋಲ್ಕತ್ತಾದ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಮಧ್ಯಪ್ರದೇಶದ ಮ್ಹೌ ಊರಿನ ಮುಕೇಶ್ ಕುಮಾರ್ ಈ ಟೂರಿನಲ್ಲಿ ವರ್ಷಗಟ್ಟಲೆ ಬೆವರು ಹರಿಸಿ, 2016ರಲ್ಲಿ ತಮ್ಮ 51ನೇ ವಯಸ್ಸಿನಲ್ಲಿ ಮೊದಲ ಸಲ ಏಷ್ಯನ್ ಟೂರ್ ಪಂದ್ಯ ಗೆದ್ದರು. 51! ಅದೇ ಮ್ಹೌ ಊರಿನ ಓಂ ಪ್ರಕಾಶ್ ಚೌಹಾಣ್ 2023ರಲ್ಲಿ ಪಿಜಿಟಿಐ ಪಟ್ಟಿಯಲ್ಲಿ ಮೊದಲಿಗರಾದರು. ಇವರ ಜೊತೆಗೇ, ಒಂದೇ ಹುಲ್ಲಿನ ಮೇಲೆ, ಅನುಕೂಲಸ್ಥರ ಮನೆಯ ಹುಡುಗರೂ ಆಡುತ್ತಾರೆ. ಯಾರ ಅಪ್ಪ ಯಾರು ಅಂತ ಚೆಂಡಿಗೆ ಗೊತ್ತಿಲ್ಲ.

ಪಟ್ಟಿ ಅಂದೆನಲ್ಲ, ಅದು ಆರ್ಡರ್ ಆಫ್ ಮೆರಿಟ್. ವರ್ಷವಿಡೀ ಗೆದ್ದ ಬಹುಮಾನದ ಹಣ ಕೂಡಿಸಿ ಮಾಡುವ ಪಟ್ಟಿ. 2009ರಲ್ಲಿ ಅದರ ತುದಿಯಲ್ಲಿದ್ದವರು ನಮ್ಮ ಬೆಂಗಳೂರಿನ ಅನಿರ್ಬನ್ ಲಾಹಿರಿ. ಆರೇ ವರ್ಷಕ್ಕೆ ಅವರು ಪ್ರೆಸಿಡೆಂಟ್ಸ್ ಕಪ್‌ನಲ್ಲಿ (ಅಮೆರಿಕ ತಂಡಕ್ಕೂ ಯುರೋಪ್ ಬಿಟ್ಟು ಉಳಿದ ದೇಶಗಳ ತಂಡಕ್ಕೂ ನಡೆಯುವ ಪಂದ್ಯ) ಆಡಿದರು. ಈಚೆಗೆ ಮೊದಲ ಜಾಗಕ್ಕೆ ಇನ್ನೂ ದೊಡ್ಡ ಬೆಲೆ ಬಂದಿದೆ. ಅಲ್ಲಿ ನಿಂತವರಿಗೆ ಯುರೋಪಿನ ಡಿಪಿ ವರ್ಲ್ಡ್ ಟೂರಿನಲ್ಲಿ ಆಡುವ ಕಾರ್ಡ್, ಅಂದರೆ ಹಕ್ಕು, ಸಿಗುತ್ತದೆ. 2022ರಲ್ಲಿ ಮನು ಗಂಡಾಸ್, ಆಮೇಲೆ ಚೌಹಾಣ್, 2024ರಲ್ಲಿ ವೀರ್ ಅಹ್ಲಾವತ್ ಹೀಗೇ ಹೋದರು. ಇಂಥ ದಾರಿ ಹಿಂದೆ ಇರಲಿಲ್ಲ. ಟೂರಿಗೆ ನಾನು ಪೂರ್ತಿ ಅಂಕ ಕೊಡೋದು ಈ ಒಂದು ವಿಷಯಕ್ಕೆ.

ಸೀಸನ್ನಿನ ಕೊನೆಗೆ ಜಮ್ಶೆಡ್‌ಪುರದಲ್ಲಿ ಬೆಲ್ಡಿ, ಗೋಲ್ಮುರಿ ಮೈದಾನಗಳಲ್ಲಿ ಟೂರ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಅಲ್ಲಿಯವರೆಗೆ ನಾನು ಹೋಗಲಿಲ್ಲ, ಫೋನಿನಲ್ಲೇ ನೋಡಿದೆ. ನೋಡಿದ್ದು ಮೇಲಿನ ಹೆಸರುಗಳನ್ನಲ್ಲ. ಪಟ್ಟಿಯಲ್ಲಿ ಮೊದಲ 60ರೊಳಗೆ ಇದ್ದವರಿಗೆ ಮುಂದಿನ ವರ್ಷದ ಕಾರ್ಡ್ ಉಳಿಯುತ್ತದೆ. ಉಳಿದವರಲ್ಲಿ ಬಹಳ ಜನ ಕ್ವಾಲಿಫೈಯಿಂಗ್ ಸ್ಕೂಲ್ ಅನ್ನೋ ಅರ್ಹತಾ ಪಂದ್ಯಕ್ಕೆ ಹೋಗಿ ಹೊಸಬರ ಜೊತೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. ಅವತ್ತು ಕಾರು ಬಿಟ್ಟು ವಾಪಸ್ ಬಂದ ಆ ಹುಡುಗನ ಹೆಸರು 60ರ ಆಸುಪಾಸಿನಲ್ಲೇ ಓಲಾಡುತ್ತಿತ್ತು. ಸಕ್ಕರೆ ಕಾಯಿಲೆ ಮಾತ್ರೆ ಕೇಳಿಕೊಂಡು ಬಂದ ಹಿರಿಯರೊಬ್ಬರು, ಏನಪ್ಪಾ ಅಷ್ಟು ಫೋನ್ ನೋಡ್ತೀಯ ಅಂದರು. ತೋರಿಸಿದೆ. ಕಟ್ ಅಂದರೇನು ಅಂತ ಕೂತು ಕೇಳಿದರು. ಮುಂದಿನ ಸಲ ಮೈಸೂರಿಗೆ ಬಂದರೆ ಹೇಳು, ನಾನೂ ಬರ್ತೀನಿ ಅಂದಿದ್ದಾರೆ. ಅವರಿಗೆ ಜಾಸ್ತಿ ನಡೆಯೋಕಾಗಲ್ಲ, 18ನೇ ಗ್ರೀನಿನ ಹತ್ತಿರ ಕುರ್ಚಿ ಹಾಕೋಕೆ ಬಿಡ್ತಾರಾ ಅಂತ ಮೊದಲೇ ವಿಚಾರಿಸಬೇಕು.