ಟ್ರೇಸ್ ಲೆಕ್ಕ ಎಲ್ಲಿ ಹಾಕಬೇಕು: ಹಿಸ್ಟ್ ಟ್ರಿಗರ್, ಬಿಪಿಎಫ್‌ಟ್ರೇಸ್, ಪರ್ಫ್

ಲಿನಕ್ಸ್‌ನಲ್ಲಿ ಯಾವ ಪ್ರೋಸೆಸ್ ಎಷ್ಟು ಮೆಮೊರಿ ಕೇಳಿತು ಎಂಬ ಮೊತ್ತ ಬೇಕು. ಯಾವ ಟೂಲ್ ಹಿಡಿಯುವುದು? ಆಯ್ಕೆ ಮೂರು: ಕರ್ನಲ್‌ನಲ್ಲೇ ಇರುವ ಎಣಿಕೆ ಸೌಲಭ್ಯ ಹಿಸ್ಟ್ ಟ್ರಿಗರ್, ಚಿಕ್ಕ ಸ್ಕ್ರಿಪ್ಟ್ ಬರೆದು ಓಡಿಸುವ ಬಿಪಿಎಫ್‌ಟ್ರೇಸ್, ಈವೆಂಟ್‌ಗಳನ್ನು (ಮೆಮೊರಿ ಕೇಳಿದಂಥ ಘಟನೆಗಳನ್ನು) ದಾಖಲಿಸುವ ಪರ್ಫ್.

ಮೊದಲು ಹೊರೆ ನೋಡಿ. ಪರ್ಫ್ ರೆಕಾರ್ಡ್ ಪ್ರತಿ ಈವೆಂಟನ್ನೂ ಫೈಲಿಗೆ ಬರೆಯುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಈವೆಂಟ್ ಬಂದರೆ ಫೈಲ್ ಉಬ್ಬುತ್ತದೆ, ಬಫರ್ ತುಂಬಿ ಕೆಲವು ಕಳೆದೂ ಹೋಗಬಹುದು. ಉಳಿದೆರಡು ಕರ್ನಲ್ ಒಳಗೇ ಎಣಿಸುತ್ತವೆ, ಹೊರಗೆ ಬರುವುದು ಮೊತ್ತ ಮಾತ್ರ. ಆದರೆ ಬಿಡಿ ಈವೆಂಟ್ ಆಮೇಲೆ ಸಿಗುವುದಿಲ್ಲ. ಏನು ಹುಡುಕುತ್ತಿದ್ದೇವೆ ಅಂತಲೇ ಗೊತ್ತಿಲ್ಲದಿದ್ದರೆ ಪರ್ಫ್ ವಾಸಿ ಅಲ್ವಾ?

ಸೆಟಪ್ ವಿಷಯದಲ್ಲಿ ಹಿಸ್ಟ್ ಟ್ರಿಗರ್‌ಗೆ ಸಾಟಿಯಿಲ್ಲ. 2016ರ 4.7 ಕರ್ನಲ್‌ನಿಂದ ಇದೆ. ಹಿಸ್ಟ್ ಟ್ರಿಗರ್ ಆಯ್ಕೆ ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿರಬೇಕು, ಅಷ್ಟೇ. ರೂಟ್ ಆಗಿ ಟ್ರೇಸ್‌ಎಫ್‌ಎಸ್‌ನ (ಟ್ರೇಸಿಂಗ್ ಹತೋಟಿಯ ಫೈಲ್‌ಗಳಿರುವ ಜಾಗ) ಟ್ರಿಗರ್ ಫೈಲಿಗೆ ಒಂದು ಎಕೋ ಸಾಕು. ಬಿಪಿಎಫ್‌ಟ್ರೇಸ್‌ಗೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಲೈಬ್ರರಿ ಬೇಕು. ಚಿಕ್ಕ ಎಂಬೆಡೆಡ್ ಬೋರ್ಡ್‌ಗೆ ಅದು ಭಾರ.

ಕೈಗೆ ಸಲೀಸಾಗುವುದು ಮಾತ್ರ ಬಿಪಿಎಫ್‌ಟ್ರೇಸ್. ಷರತ್ತು, ಸರಾಸರಿ, ಎರಡು ಈವೆಂಟ್ ನಡುವಿನ ಸಮಯ, ಎಲ್ಲಾ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಹಿಸ್ಟ್ ಟ್ರಿಗರ್‌ನಲ್ಲೂ ಈ ಸಮಯ ಅಳೆಯಬಹುದು. ಆದರೆ ಸಿಂಥೆಟಿಕ್ ಈವೆಂಟ್ (ಬೇರೆ ಈವೆಂಟ್‌ಗಳಿಂದ ನಾವೇ ಮಾಡಿಕೊಳ್ಳುವ ಈವೆಂಟ್) ಕಟ್ಟುವ ಸಿಂಟ್ಯಾಕ್ಸ್ ನನಗಂತೂ ತಲೆನೋವು.

ಇನ್ನೊಂದು ಮಾತು. ಹಿಸ್ಟ್ ಟ್ರಿಗರ್, ಬಿಪಿಎಫ್‌ಟ್ರೇಸ್ ಎರಡರಲ್ಲೂ ಎಣಿಕೆ ಇಡುವ ಟೇಬಲ್‌ಗೆ ಮಿತಿ ಇದೆ. ಹಿಸ್ಟ್ ಟ್ರಿಗರ್‌ನ ಡಿಫಾಲ್ಟ್ 2048 ಎಂಟ್ರಿ. ಸ್ಟ್ಯಾಕ್ ಟ್ರೇಸನ್ನು (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ) ಕೀ ಮಾಡಿದರೆ, ಅಂದರೆ ಅದರ ಪ್ರಕಾರ ಎಣಿಸಿದರೆ, ಬೇಗ ತುಂಬಬಹುದು. ಔಟ್‌ಪುಟ್ ಕೊನೆಯ ‘ಡ್ರಾಪ್ಡ್’ ಸಂಖ್ಯೆ ಸೊನ್ನೆ ಇಲ್ಲದಿದ್ದರೆ ಸೈಜ್ ಜಾಸ್ತಿ ಮಾಡಿ ಮತ್ತೆ ಓಡಿಸಿ.