ಒಂದು ಬಕೆಟ್ ಬಿಸಿನೀರಿಗೆ ಮೂರು ದಾರಿ

ಕರೆಂಟ್ ಬಿಲ್ ಏರಿದಾಗಲೆಲ್ಲ ನಮ್ಮ ಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಲೈಟು. ಹಾಲ್‌ನ ಬಲ್ಬ್ ಯಾರು ಆರಿಸಿಲ್ಲ ಅಂತ ರಂಪ. ಆ ಬಲ್ಬ್ 9 ವ್ಯಾಟಿನ ಎಲ್‌ಇಡಿ. ಒಂದು ಯೂನಿಟ್ ಮುಗಿಸಬೇಕಾದರೆ 111 ಗಂಟೆ ಉರಿಯಬೇಕು. ಅದೇ ಹೊತ್ತಿಗೆ ಬಚ್ಚಲಲ್ಲಿ 2000 ವ್ಯಾಟಿನ ಗೀಸರ್ ಬೆಳಗಿನಿಂದ ಆನ್ ಆಗಿರುತ್ತದೆ, ಅದರ ಬಗ್ಗೆ ಯಾರದೂ ಸೊಲ್ಲಿಲ್ಲ.

ಹಾಗಾಗಿ 16 ಆಂಪಿಯರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಎನರ್ಜಿ ಮೀಟರ್ ತಂದು, ನೀರು ಕಾಯಿಸುವ ಮೂರು ಸಾಧನಗಳನ್ನೂ ಒಂದೊಂದು ವಾರ ಅಳೆದೆ. 20 ಲೀಟರಿನ ಬಕೆಟ್, ನಲ್ಲಿ ನೀರು ಸುಮಾರು 25 ಡಿಗ್ರಿ, ಮೈಗೆ ಹಿತವಾಗಿದ್ದದ್ದು 42.

ರಾಡ್ 1500 ವ್ಯಾಟಿನದು. ಒಂದು ಬಕೆಟ್‌ಗೆ ಹದಿನೇಳು ನಿಮಿಷ, 0.4 ಯೂನಿಟ್‌ಗಿಂತ ತುಸು ಹೆಚ್ಚು. ಇನ್‌ಸ್ಟಂಟ್ ಗೀಸರ್ 3000 ವ್ಯಾಟ್, ನಲ್ಲಿ ಸಣ್ಣಗೆ ಬಿಟ್ಟರೆ ಎಂಟು ನಿಮಿಷಕ್ಕೆ ಬಕೆಟ್ ತುಂಬಿತು, ಅದೂ 0.4. ಹದಿನೈದು ಲೀಟರಿನ ಟ್ಯಾಂಕ್ ಗೀಸರ್ 60 ಡಿಗ್ರಿಗೆ ಕಾಯಲು 0.6 ತಿಂದಿತು. ಆದರೆ ಆ ನೀರಿಗೆ ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಆಗುತ್ತದೆ. ಭಾಗಿಸಿ ನೋಡಿ, ಮತ್ತೆ ಅದೇ 0.4!

ಮೊದಲು ಮೀಟರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಮೂರರಲ್ಲೂ ಇರುವುದು ನೀರಿನೊಳಗೆ ಮುಳುಗಿದ ಬಿಸಿ ತಂತಿಯೇ. ಕರೆಂಟೆಲ್ಲ ಶಾಖವಾಗಿ ನೀರಿಗೇ ಇಳಿಯುತ್ತದೆ, ಕದಿಯುವವರು ಯಾರೂ ಇಲ್ಲ. ವ್ಯಾಟ್ ಹೆಚ್ಚಿದ್ದರೆ ಬೇಗ ಕಾಯುತ್ತದೆ, ಅಷ್ಟೇ. "3000 ವ್ಯಾಟಿನದು ಬಿಲ್ ಸುಡುತ್ತೆ" ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೆ. ಆ ಮಾತನ್ನು ವಾಪಸ್ ತಗೊಳ್ಳುತ್ತೇನೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮರೆವಿನಲ್ಲಿ. ರಾಡ್ ಹಾಕಿ ಒಂದು ಫೋನ್ ಕರೆಗೆ ಕೂತೆ. ಎದ್ದು ನೋಡುವಾಗ ನಲವತ್ತು ನಿಮಿಷ ಆಗಿತ್ತು, ಬಕೆಟ್ಟಿನಿಂದ ಹಬೆ ಏಳುತ್ತಿತ್ತು, ಮೀಟರ್ 1 ಯೂನಿಟ್ ತೋರಿಸುತ್ತಿತ್ತು. ನಮ್ಮ ರಾಡ್‌ಗೆ ತಾನಾಗಿ ನಿಲ್ಲುವ ಬುದ್ಧಿ ಇಲ್ಲ. ಅಪಾಯವೂ ಇದೆ: ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಬೇಕು, ಲೋಹದ ಬಕೆಟ್ ಬೇಡವೇ ಬೇಡ, ಮಕ್ಕಳಿರುವ ಮನೆಗೆ ರಾಡೇ ಬೇಡ.

ಟ್ಯಾಂಕ್ ಗೀಸರಿನ ಮರೆವು ಇನ್ನೂ ನಯವಂಚಕ. ಒಂದು ದಿನ ನಲ್ಲಿ ಮುಟ್ಟದೆ ಇಡೀ 24 ಗಂಟೆ ಆನ್ ಬಿಟ್ಟೆ. ಯಾರೂ ಸ್ನಾನ ಮಾಡಿಲ್ಲ (ಪ್ರಯೋಗಕ್ಕೊಂದು ತ್ಯಾಗ), ಆದರೂ ಅರ್ಧ ಯೂನಿಟ್‌ಗೂ ಮೇಲೆ ಹೋಗಿತ್ತು. ನೀರು ತಣಿಯುತ್ತದೆ, ಥರ್ಮೋಸ್ಟಾಟ್ ಎಚ್ಚೆತ್ತು ಮತ್ತೆ ಕಾಯಿಸುತ್ತದೆ, ರಾತ್ರಿಯೆಲ್ಲ ಇದೇ ಆಟ. ತಿಂಗಳಿಗೆ ಹದಿನೈದು ಯೂನಿಟ್ ಗೋಡೆ ಬಿಸಿ ಮಾಡಲು ಹೋದಂತೆ. ಆರು ಗಂಟೆಗೆ ಒಬ್ಬರು, ಒಂಬತ್ತಕ್ಕೆ ಇನ್ನೊಬ್ಬರು ಸ್ನಾನಕ್ಕೆ ಹೋಗುವ ಮನೆಯಾದರೆ ಟ್ಯಾಂಕ್ ಸುಮ್ಮನೆ ದಂಡ. ಬೆನ್ನುಬೆನ್ನಿಗೆ ಹೋಗುವವರಿಗೆ ಮಾತ್ರ ಅದು ಸರಿ: ಇಪ್ಪತ್ತು ನಿಮಿಷ ಮೊದಲು ಹಾಕಿ, ನೀರಿಗಿಳಿಯುವ ಮುಂಚೆ ಆರಿಸಿ. ಥರ್ಮೋಸ್ಟಾಟನ್ನು 60ರಿಂದ ತೀರಾ ಕೆಳಗಿಳಿಸಲು ನಾನು ಹೋಗಲಿಲ್ಲ; ಉಗುರುಬೆಚ್ಚಗಿನ ನೀರು ಟ್ಯಾಂಕಿನಲ್ಲಿ ನಿಂತರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಇನ್‌ಸ್ಟಂಟ್‌ನಲ್ಲಿ ಕಾಯ್ದಿಡುವ ನಷ್ಟ ಇಲ್ಲವೇ ಇಲ್ಲ ಎನ್ನಬಹುದು. ಅದರ ದೋಷ ಬೇರೆ. ಬಿಸಿನೀರು ಮುಗಿಯುವುದೇ ಇಲ್ಲ, ಹಾಗಾಗಿ ಸ್ನಾನವೂ ಮುಗಿಯುವುದಿಲ್ಲ. ಷವರ್ ಕೆಳಗೆ ಹದಿನೈದು ನಿಮಿಷ ನಿಂತ ದಿನ 0.75 ಯೂನಿಟ್. ವೈರಿಂಗ್ ಹಳೆಯದಾಗಿದ್ದರೆ 3000 ವ್ಯಾಟ್ ಎಳೆದುಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್‌ಗೆ ತೋರಿಸುವುದು ಒಳ್ಳೆಯದು.

ಅಂದರೆ ನಿಜವಾದ ಪೈಪೋಟಿ ಬಕೆಟ್‌ಗೂ ಷವರ್‌ಗೂ. ನಮ್ಮ ಟ್ಯಾಂಕಿಗೆ ಜೋಡಿಸಿದ ಷವರ್ ನಿಮಿಷಕ್ಕೆ ಒಂಬತ್ತು ಲೀಟರ್ ಸುರಿಯುತ್ತದೆ. ಆರು ನಿಮಿಷಕ್ಕೆ 54 ಲೀಟರ್, ಎರಡೂವರೆ ಬಕೆಟ್‌ಗೂ ಹೆಚ್ಚು. ಷವರ್ ಬಿಟ್ಟು ಒಂದು ಬಕೆಟ್‌ಗೆ ಇಳಿದರೆ ಉಳಿಯುವಷ್ಟು ಯಾವ ಕಂಪನಿಯ ಗೀಸರ್ ಬದಲಿಸಿದರೂ ಉಳಿಯದು.

ಫ್ಯಾನಿನ ಲೆಕ್ಕದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಹಳೆಯದು ಫುಲ್ ಸ್ಪೀಡಿನಲ್ಲಿ 75 ವ್ಯಾಟ್, ಕಡಿಮೆ ಕರೆಂಟಿನ ಮೋಟರ್ ಇರುವ ಹೊಸ ಬಿಎಲ್‌ಡಿಸಿ ಫ್ಯಾನ್ 30. ದಿನಕ್ಕೆ ಹದಿನೈದು ಗಂಟೆ ತಿರುಗುವ ಕೋಣೆಯಲ್ಲಿ ತಿಂಗಳಿಗೆ ಇಪ್ಪತ್ತು ಯೂನಿಟ್ ಉಳಿತಾಯ. ಅಪರೂಪಕ್ಕೆ ತಿರುಗುವ ಅತಿಥಿ ಕೋಣೆಗೆ ಹಳೆಯದೇ ಇರಲಿ, ಕೊಂಡ ದುಡ್ಡು ಹುಟ್ಟುವುದಿಲ್ಲ. ಪ್ಲಗ್‌ನಲ್ಲೇ ಉಳಿದ ಖಾಲಿ ಮೊಬೈಲ್ ಚಾರ್ಜರ್‌ಗೆ ಮೀಟರ್ ಸೊನ್ನೆ ತೋರಿಸಿತು. ನಮ್ಮ ಸೆಟ್‌ಟಾಪ್ ಬಾಕ್ಸ್ ಮಾತ್ರ ರಿಮೋಟಿನಲ್ಲಿ ಆರಿಸಿದರೂ 10 ವ್ಯಾಟ್ ಹೀರುತ್ತಲೇ ಇತ್ತು. ಅದಕ್ಕೆ ಗೋಡೆಯ ಸ್ವಿಚ್ಚೇ ಗತಿ.

ಈಗ ರಾಡ್ ಅಟ್ಟದ ಮೇಲಿದೆ. ಟ್ಯಾಂಕ್ ಗೀಸರ್ ಉಳಿಸಿಕೊಂಡಿದ್ದೇವೆ, ಸ್ವಿಚ್ ಪಕ್ಕ ಒಂದು ಟೈಮರ್ ಬಂದಿದೆ. ಹಾಲ್‌ನ ಬಲ್ಬಿನ ಜಗಳ ಇನ್ನೂ ನಡೆಯುತ್ತಿದೆ.